ಓದಿ ಹೇಳುವವರು ಬೇಡ, ಸ್ಕ್ಯಾನರ್ ಕೋಣೆಯ ಬೀಗ ತೆಗೆಸಿ

ಮಾನ್ಯ ಮುಖ್ಯ ಗ್ರಂಥಪಾಲಕರೇ,

ಕಣ್ಣು ಕಾಣದ ಓದುಗರ ಗಮನಕ್ಕೆಂದು ತಾವು ಸ್ಕ್ಯಾನರ್ ಕೋಣೆಯ ಬಾಗಿಲಿಗೆ ಒಂದು ಸೂಚನೆ ಅಂಟಿಸಿದ್ದೀರಿ. ನಾನು ಸವರಿ ನೋಡಿದೆ. ಕಾಗದ ನುಣುಪಾಗಿತ್ತು, ಗೋಂದು ಬೇಕಾದ್ದಕ್ಕಿಂತ ಜಾಸ್ತಿಯಾಗಿತ್ತು, ಕೆಳಗೆ ಬೀಗ ತಣ್ಣಗಿತ್ತು. ಬರೆದದ್ದೇನೆಂದು ನನ್ನ ಸೊಸೆ, ಅಂದರೆ ತಂಗಿಯ ಮಗಳು, ಓದಿ ಹೇಳಿದಳು: ಪುಸ್ತಕವನ್ನು ಗಾಜಿನ ಮೇಲೆ ಒತ್ತಿ ಹಿಡಿಯುವುದರಿಂದ ಬೈಂಡು ಹಾಳಾಗುತ್ತಿದೆ, ಆದ್ದರಿಂದ ಸ್ಕ್ಯಾನಿಂಗ್ ನಿಲ್ಲಿಸಲಾಗಿದೆ, ಬದಲಿಗೆ ವಾರಕ್ಕೊಮ್ಮೆ ಸಿಬ್ಬಂದಿಯೊಬ್ಬರು ಕೂತು ಓದಿ ಹೇಳುತ್ತಾರೆ. ಕುರುಡರಿಗೆ ಹೊರಡಿಸಿದ ಸೂಚನೆಯನ್ನೇ ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾದ ಮೇಲೆ ತಮ್ಮ ಹೊಸ ವ್ಯವಸ್ಥೆ ಬಾಗಿಲಲ್ಲೇ ಜಾರಿಗೆ ಬಂದಂತಾಯಿತು. ಅಭಿನಂದನೆಗಳು.

ನಾನು ಯಾರೆಂದು ತಮಗೆ ಗೊತ್ತಿರಲಾರದು, ಆದರೆ ತಮ್ಮ ಕಪಾಟುಗಳಿಗೆ ಗೊತ್ತು. ಹಳ್ಳಿ ಶಾಲೆಯಲ್ಲಿ ಕಲಿತು, ಬೈಂಡಿಂಗ್ ಕಸುಬಿಗೆ ಕೂತವನು. ನಾನು ಹೊಲಿದ ಪುಸ್ತಕವನ್ನು ಎತ್ತು ಕಟ್ಟಿ ಎಳೆದರೂ ಹಾಳೆ ಬಿಡುವುದಿಲ್ಲ; ಬೇಕಾದರೆ ಎತ್ತನ್ನು ತಾವೇ ತನ್ನಿ. ತಮಾಷೆಯೇನೆಂದರೆ, ಜೀವಮಾನವಿಡೀ ಪುಸ್ತಕಗಳ ಬೆನ್ನನ್ನಷ್ಟೇ ನೋಡಿದೆ, ಹೊಟ್ಟೆಯೊಳಗೆ ಏನಿದೆಯೆಂದು ನೋಡಲು ಪುರುಸೊತ್ತಿರಲಿಲ್ಲ. ಪುರುಸೊತ್ತು ಸಿಕ್ಕುವ ಹೊತ್ತಿಗೆ ಕಣ್ಣು ಹೋಯಿತು.

ಈಗ ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಒಳ್ಳೆಯ ಜನ. ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಬಂದು ‘ಊಟ ಆಯ್ತಾ’ ಎಂದು ಗಟ್ಟಿಯಾಗಿ ಕೇಳುತ್ತಾರೆ, ನನ್ನ ಕಿವಿಯೂ ಹೋಗಿದೆ ಎಂಬಂತೆ. ಆಯಿತು ಎನ್ನುತ್ತೇನೆ. ಅಲ್ಲಿಗೆ ನಮ್ಮ ಮಾತು ಮುಗಿಯುತ್ತದೆ. ಆಮೇಲೆ ಆಚೆ ಕೋಣೆಯಲ್ಲಿ ಅವರು ನಗುವುದು ಕೇಳಿಸುತ್ತದೆ. ಯಾತಕ್ಕೆಂದು ಕೇಳಿದರೆ ‘ಏನಿಲ್ಲ ಮಾವ, ಸುಮ್ನೆ’ ಎನ್ನುತ್ತಾರೆ.

ಓದಿ ಹೇಳುವ ವ್ಯವಸ್ಥೆಯ ಬಗ್ಗೆ ನನಗೆ ಅನುಭವವಿಲ್ಲವೆಂದು ತಿಳಿಯಬೇಡಿ. ಕಣ್ಣು ಹೋದ ಹೊಸತರಲ್ಲಿ ತಂಗಿ ನನಗೊಂದು ಕಾದಂಬರಿ ಓದಿ ಹೇಳಿದ್ದಳು. ಒಬ್ಬ ದೋಣಿಯವನು, ಜ್ವರ ಬಂದ ಅವನ ಹೆಂಡತಿ. ಹೆಂಡತಿ ಗುಣವಾಗಿ ಮನೆಗೆ ಬಂದಳು, ಕಥೆ ಮುಗಿಯಿತು. ಎಷ್ಟೋ ಕಾಲದ ಮೇಲೆ, ತಮ್ಮ ಸ್ಕ್ಯಾನರಿನಲ್ಲಿ ಸೊಸೆ ಅದೇ ಪುಸ್ತಕವನ್ನು ಪುಟಪುಟವಾಗಿ ಹಿಡಿದು ನನ್ನ ಕಂಪ್ಯೂಟರಿಗೆ ಹಾಕಿಕೊಟ್ಟಳು. ಕಂಪ್ಯೂಟರಿನ ದನಿ ನೆಗಡಿಯಾದವನ ದನಿ, ಒತ್ತಕ್ಷರಗಳನ್ನು ನುಂಗುತ್ತದೆ. ಆದರೂ ಅದು ಹೇಳಿತು: ಹೆಂಡತಿ ದಡ ಮುಟ್ಟುವ ಮೊದಲೇ ಸತ್ತಳು, ಅವನು ಖಾಲಿ ದೋಣಿಯನ್ನು ಹಿಂದಕ್ಕೆ ನಡೆಸಿಕೊಂಡು ಬಂದ. ಅದೇ ದನಿಯಲ್ಲಿ ಪುಟದ ಸಂಖ್ಯೆಯನ್ನೂ ಹೇಳಿತು.

ತಂಗಿಯನ್ನು ಕೇಳಿದೆ. ಅವಳು ಬಹಳ ಹೊತ್ತು ಪಾತ್ರೆ ಉಜ್ಜಿದಳು.

“ನಿಂಗೆ ಆಗಷ್ಟೇ ಕಣ್ಣು ಹೋಗಿತ್ತಲ್ಲಣ್ಣ. ಅವಳನ್ನೂ ಸಾಯಿಸು ಅಂತೀಯಾ?”

“ಸಾಯಿಸಿದ್ದು ಬರೆದವನು. ನಿನ್ನ ಗಂಟೇನು ಹೋಗ್ತಿತ್ತು?”

“ನೀನು ಅತ್ತಿದ್ರೆ ನಾನೇನು ಮಾಡ್ಬೇಕಿತ್ತು?”

ಈಗ ತಾವೇ ಹೇಳಿ. ಒಡಹುಟ್ಟಿದವಳೇ ಪ್ರೀತಿಯಿಂದ ನನಗೆ ಹೀಗೆ ಮೋಸ ಮಾಡಿರುವಾಗ, ವಾರಕ್ಕೊಮ್ಮೆ ಬಂದು ಗಡಿಯಾರ ನೋಡುತ್ತ ಓದುವ ತಮ್ಮ ಸಿಬ್ಬಂದಿ ಎಷ್ಟು ಪುಟ ಹಾರಿಸಿಯಾರು? ಸರಸದ ಪುಟ ಬಂದರೆ ಕೆಮ್ಮುವುದಿಲ್ಲವೇ? ತಾವು ಪುಸ್ತಕ ಓದುವಾಗ ಎದುರಿಗೆ ಒಬ್ಬರು ಕೂತು ತಮ್ಮ ಮುಖವನ್ನೇ ನೋಡುತ್ತಿದ್ದರೆ ತಮಗೆ ಅಳು ಬಂದೀತೇ? ಆ ದೋಣಿಯವನಿಗಾಗಿ ನಾನು ಬಾಗಿಲು ಹಾಕಿಕೊಂಡು ಅತ್ತೆ. ‘ಅಳಬೇಡ’ ಎನ್ನುವವರು ಯಾರೂ ಇರಲಿಲ್ಲ. ಕಣ್ಣು ಹೋದ ಮೇಲೆ ನನಗಾಗಿ ಯಾರೂ ಮೆತ್ತಗೆ ಮಾಡದ ಮೊದಲ ಸುದ್ದಿ ಅದು. ಮನೆಯಲ್ಲಿ ಒಬ್ಬನೇ ಇರುವುದು ನನಗೆ ರೂಢಿಯಾಗಿದೆ. ಪುಸ್ತಕದ ಜೊತೆ ಒಬ್ಬನೇ ಇರಲು ಮಾತ್ರ ತಮ್ಮ ಅಪ್ಪಣೆ ಬೇಕಾಗಿದೆ.

ತಮ್ಮ ಗುಮಾಸ್ತರಿಗೂ ಇದನ್ನೇ ಹೇಳಿದೆ. “ಯಜಮಾನ್ರೇ, ಮನುಷ್ಯರೇ ಓದ್ತಾರೆ ಅಂದ್ರೆ ಯಂತ್ರಕ್ಕೆ ಅಳ್ತೀರಲ್ಲ” ಎಂದು ನಕ್ಕರು. ಪುಸ್ತಕ ಮನೆಗೆ ಕೊಡಿ, ಸೊಸೆ ಫೋನಿನಲ್ಲಿ ಹಿಡಿಯುತ್ತಾಳೆ ಎಂದೆ. ಹಳೆಯ ಪುಸ್ತಕ ಹೊರಗೆ ಕೊಡುವಂತಿಲ್ಲವಂತೆ.

ಹಾಗಾಗಿ ಈಗ ನಾನೊಂದು ಪುಸ್ತಕದ ನಡುವೆ ಸಿಕ್ಕಿಬಿದ್ದಿದ್ದೇನೆ. ಮುಪ್ಪಿನಲ್ಲಿ ಜೈಲಿನಿಂದ ಬಿಡುಗಡೆಯಾದವನೊಬ್ಬ ತನ್ನ ತಮ್ಮನ ಮನೆಯ ಕದ ತಟ್ಟಿದ್ದಾನೆ. ಒಳಗೆ ದೀಪ ಹತ್ತಿದೆ. ಅಲ್ಲಿಗೆ ಸ್ಕ್ಯಾನ್ ನಿಂತಿದೆ. ಉಳಿದದ್ದನ್ನು ತಾನು ಹೋಗಿ ಓದಿಕೊಂಡು ಬಂದು ಹೇಳುತ್ತೇನೆಂದು ತಂಗಿ ಮುಂದೆ ಬಂದಿದ್ದಾಳೆ. ಅವಳ ಕೈಯಲ್ಲಿ ಆ ಕದ ಖಂಡಿತ ತೆರೆಯುತ್ತದೆ, ಅದಕ್ಕೇ ಬೇಡವೆಂದಿದ್ದೇನೆ.

ಬೈಂಡು ಹಾಳಾಗುವ ಚಿಂತೆ ಬಿಡಿ. ಒತ್ತುವುದೇ ಬೇಡ. ಹೊಲಿಗೆ ಬಿಚ್ಚಿ, ಹಾಳೆಗಳನ್ನು ಬಿಡಿಬಿಡಿಯಾಗಿ ಗಾಜಿನ ಮೇಲಿಟ್ಟು, ಮತ್ತೆ ಹೊಲಿದರಾಯಿತು. ಸೂಜಿ ಪೋಣಿಸಲು ಸೊಸೆ ಇದ್ದಾಳೆ, ಹೊಲಿಯಲು ನನ್ನ ಬೆರಳು ಸಾಕು. ತಮ್ಮ ಎದುರಿಗೇ ಕೂತು ಮಾಡುತ್ತೇನೆ. ಸಡಿಲವಾದರೆ ಮತ್ತೆ ತಮ್ಮ ಮೆಟ್ಟಿಲು ಹತ್ತುವುದಿಲ್ಲ. ಬೀಗ ತೆಗೆಸಿ, ಉಳಿದ ಪುಟಗಳನ್ನು ಕೊಡಿಸಿ. ಆ ತಮ್ಮ ಕದ ತೆರೆಯದೇ ಹೋದರೂ ಚಿಂತೆಯಿಲ್ಲ, ಅದನ್ನು ನನಗೆ ಪುಸ್ತಕವೇ ಹೇಳಲಿ.

ಇಂತಿ,
ತಮ್ಮ ಪುಸ್ತಕಗಳನ್ನು ಹೊಲಿದು, ಓದದೆ ಬಿಟ್ಟಿದ್ದ
ಹಿಂದಿನ ಕೋಣೆಯ ಮಾವ