ಆಷಾಢದಲ್ಲಿ ಅಂಚೆ ಪೆಟ್ಟಿಗೆ

ಜೂನ್ 15, ಭಾನುವಾರ

ಹಾಲು ಕಾಯಿಸಿ, ಜಗುಲಿ ಗುಡಿಸಿ, ಚಾಪೆ ಹಾಸಿ ಆಯಿತು. ಹತ್ತಕ್ಕೆ ಬಡಾವಣೆ ಸಂಘದ ಮೀಟಿಂಗ್. ನಮ್ಮ ಮನೆಯಲ್ಲೇ. ಅಧ್ಯಕ್ಷರು ಮಲಗಿ ಏಳುವುದೂ ಇಲ್ಲೇ ಆದ್ದರಿಂದ ಅನುಕೂಲ. ಪುಟ್ಟಬಸಪ್ಪನವರು ನನ್ನ ಕೈ ಹಿಡಿದಾಗ ಬರೀ ಅರಿಶಿನ ಬೆಳೆಯುತ್ತಿದ್ದರು. ಈಗ ಬಡಾವಣೆಯನ್ನೇ ಬೆಳೆಸುತ್ತಿದ್ದಾರೆ.

ತಾಳವಾಡಿಯಿಂದ ತಿಗನಾರೆ ಕಡೆ ಹೊರಟರೆ ಎಡಕ್ಕೆ ನಾವು, ತಮಿಳುನಾಡಿನ ಗಡಿಯೊಳಗೆ. ಹೆಸರಿಗೆ ನಗರ. ಸಂಜೆ ಮೇಲೆ ಕಾಡುಹಂದಿಗಳ ಗಸ್ತು.

ಹೋದ ತಿಂಗಳು ಇವರು ಕೊಯಮತ್ತೂರಿಗೆ, ತಂಗಿ ಮಗನ ಅಪಾರ್ಟ್‌ಮೆಂಟಿಗೆ ಹೋಗಿದ್ದರು. ಅಲ್ಲಿ ಮೆಟ್ಟಿಲ ಬುಡದಲ್ಲಿ ಎಲ್ಲರ ಮನೆಯ ಪೋಸ್ಟ್ ಪೆಟ್ಟಿಗೆಗಳೂ ಒಟ್ಟಿಗೆ ಸಾಲಾಗಿ ನಿಂತಿದ್ದುದನ್ನು ಕಂಡರು. ಕಂಡವರು ಮೊದಲಿನ ಮನುಷ್ಯರಾಗಿ ವಾಪಸ್ ಬರಲಿಲ್ಲ. ನಮಗೂ ಗೇಟಿನ ಹತ್ತಿರ ಅಂಥದೇ ಆಗಬೇಕಂತೆ. ಕಬ್ಬಿಣದ್ದು, ನೀಲಿ ಬಣ್ಣ, ಮನೆಗೊಂದು ಖಾನೆ, ಖಾನೆಗೊಂದು ಬೀಗ. ಮನೆಗೆ ಒಂದೂವರೆ ಸಾವಿರ.

ಮೊತ್ತ ಕೇಳಿದ್ದೇ ಚಾಪೆಯ ಮೇಲಿದ್ದವರೆಲ್ಲ ಎದ್ದು ಕೂತರು. ಎದುರುಮನೆ ನಟರಾಜ ಟೀ ಲೋಟ ಕೆಳಗಿಟ್ಟ. ಅವನು ಲೋಟ ಕೆಳಗಿಟ್ಟರೆ ವಿಷಯ ಗಂಭೀರ.

“ನಮ್ಮನಗ ವರ್ಸಕ್ಕ ಎರಡ್ ಕಾಗ್ದ ಬತ್ತವ ಬಸಪ್ಪಣ್ಣ. ಒಂದು ಬ್ಯಾಂಕ್‌ದು, ಇನ್ನೊಂದು ಕೋರ್ಟ್‌ದು. ಎರಡೂ ಬರ್ದೇ ಇದ್ರೇ ಚೆಂದ. ಅಂಥವುಕ್ಕ ನಾನು ಮನ ಕಟ್ಸಿ ಬೀಗ ಹಾಕ್ಸನಾ?”

ಗದ್ದಲವೋ ಗದ್ದಲ. ಕೊನೆಗೆ ಎದ್ದದ್ದು ಕೊನೇ ಮನೆ ಸರೋಜಾ. ಸೊಸೈಟಿಯಿಂದ ಸೀದಾ ಬಂದಿದ್ದಳು, ಕೈಯಲ್ಲಿ ರೇಷನ್ ಚೀಲ. ಮೊದಲ ದುಡ್ಡು ತಾನೇ ಕೊಡುತ್ತೇನೆಂದಳು. ಅಂಗನವಾಡಿ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಇಂಟರ್‌ವ್ಯೂ ಕಾಗದ ಟಪಾಲಿನಲ್ಲಿ ಬರಬೇಕು. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ. ಇದು ತಪ್ಪಿದರೆ ಮತ್ತೆ ಜೀವಮಾನವಿಡೀ ಅರಿಶಿನ ಕೀಳುವ ಕೂಲಿಯೇ.

“ಕಾಗ್ದ ಬಂದ್ರ ಬದ್ರವಾಗಿರ್ಲಿ ಅಕ್ಕಾ,” ಎಂದಳು ನನ್ನತ್ತ ತಿರುಗಿ. “ನಮ್ಮ ಬಾಗ್ಲಲ್ಲಿ ಮಡಗ್ದ್ರ ಮೇಕ ತಿಂತದ.”

ಅಧ್ಯಕ್ಷರ ಕಣ್ಣು ತುಂಬಿತು. ನಟರಾಜ ಲೋಟ ಮತ್ತೆ ಎತ್ತಿಕೊಂಡ. ಅರ್ಧ ಬಡಾವಣೆ ಒಪ್ಪಿತು. ಉಳಿದರ್ಧ ಕೊಡುವುದಿಲ್ಲ ಎಂದು ಹೇಳಿಯೇ ಹೋಯಿತು. ಆ ಅರ್ಧದಲ್ಲಿ ನಾನೂ ಇದ್ದೇನೆ. ಅಧ್ಯಕ್ಷರಿಗೆ ಇನ್ನೂ ತಿಳಿಸಿಲ್ಲ.

ಜೂನ್ 17

ತಿಳಿಸಿದೆ. ಶಾಲೆಯ ಸಂಬಳ ನನ್ನದು, ಪೆಟ್ಟಿಗೆ ನಿಮ್ಮದು ಎಂದೆ. ರಾತ್ರಿ ಮೌನವಾಗಿ ಉಂಡರು. ಎರಡು ಸಲ ಬಡಿಸಿಕೊಂಡರು. ಮೌನ ಅಂದರೆ ಅಷ್ಟೇ.

ಜೂನ್ 24, ಮಂಗಳವಾರ

ಪೆಟ್ಟಿಗೆ ಸಾಲು ಬಂತು. ಗೂಡ್ಸ್ ಆಟೋದಲ್ಲಿ, ಮದುವಣಗಿತ್ತಿಯಂತೆ ಟಾರ್ಪಾಲ್ ಹೊದ್ದು. ಗೇಟಿನ ಪಕ್ಕ ಸಿಮೆಂಟ್ ಹಾಕಿ ನಿಲ್ಲಿಸಿದರು. ಸರೋಜಾಳ ಖಾನೆ ಬಲತುದಿಯಲ್ಲಿ. ಸೆರಗಿನಿಂದ ಒರೆಸಿದಳು. ಹೊಸದು, ಧೂಳೇನೂ ಇರಲಿಲ್ಲ.

ಪೋಸ್ಟ್‌ಮನ್ ಮಣಿಕಂಠನಿಗೆ ಅಧ್ಯಕ್ಷರ ಆಜ್ಞೆ ಹೋಯಿತು: ಗುರುವಾರದಿಂದ ದುಡ್ಡು ಕೊಟ್ಟವರ ಟಪಾಲು ಪೆಟ್ಟಿಗೆಗೆ. ಕೊಡದ ದರಿದ್ರರಿಗೆ ಎಂದಿನಂತೆ ಮನೆ ಬಾಗಿಲಿಗೆ.

ಜೂನ್ 26, ಗುರುವಾರ

ಬೆಳಿಗ್ಗೆ ಬೀಗದ ಕೈ ಹಂಚಬೇಕಿತ್ತು. ಅಧ್ಯಕ್ಷರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಹೊಸ ಶರ್ಟ್ ತೊಟ್ಟು, ಗೋಡೆಯ ಕ್ಯಾಲೆಂಡರ್ ನೋಡಿದರು. ಅಲ್ಲೇ ನಿಂತರು.

ಆಷಾಢ ಶುರು.

ನಿನ್ನೆ ಅಮಾವಾಸ್ಯೆ ಆಯಿತೆಂದು ಊರಿಗೇ ಗೊತ್ತು, ಅಧ್ಯಕ್ಷರೊಬ್ಬರನ್ನು ಬಿಟ್ಟು. ಉದ್ಘಾಟನೆಗೆ ಮಠದ ಸ್ವಾಮಿಗಳನ್ನು ಬೇರೆ ಕರೆದಿದ್ದಾರೆ. ಅವರೂ ಆಷಾಢ ಕಳೆಯಲಿ ಎಂದರಂತೆ. ಬೀಗದ ಕೈ ಗೊಂಚಲು ದೇವರ ಗೂಡು ಸೇರಿತು. ಅರಿಶಿನ, ಕುಂಕುಮ, ಒಂದು ಸೇವಂತಿಗೆ.

ಮಣಿಕಂಠನಿಗೆ ಕೊಟ್ಟ ಆಜ್ಞೆ ಹಿಂತೆಗೆಯಬೇಕಲ್ಲವೇ ಎಂದೆ. ಒಮ್ಮೆ ಹೇಳಿದ್ದನ್ನು ಅಧ್ಯಕ್ಷನಾದವನು ಮತ್ತೆ ಬದಲಿಸಬಾರದಂತೆ. ಕಾಗದ ಒಳಗೆ ಬಂದು ಬೀಳುತ್ತಿರಲಿ, ಗೃಹಪ್ರವೇಶಕ್ಕೆ ಮೊದಲೇ ಮನೆಗೆ ಅಕ್ಕಿ ಮೂಟೆ ತಂದಿಟ್ಟ ಹಾಗೆ ಎಂದರು.

ಜುಲೈ 3

ಲೋಕದ ನ್ಯಾಯ ಹೀಗಿದೆ. ದುಡ್ಡು ಕೊಡದ ನನಗೆ ನಿನ್ನೆ ಎಲ್‌ಐಸಿ ಕಾಗದ ಕೈಗೇ ಬಂತು, ಜೊತೆಗೆ ಮಣಿಕಂಠನ ನಮಸ್ಕಾರ. ನಟರಾಜನಿಗೆ ಕೋರ್ಟಿನದೂ ತಪ್ಪದೆ ತಲುಪಿತು. ದುಡ್ಡು ಕೊಟ್ಟವರು ಗೇಟಿನ ಹತ್ತಿರ ನಿಂತು ಸೀಳಿನೊಳಗೆ ಇಣುಕುತ್ತಾರೆ. ಮೊಬೈಲ್ ಟಾರ್ಚ್ ಬೇರೆ.

ಸರೋಜಾಳ ಅತ್ತೆ ದೊಡ್ಡಮಾದಮ್ಮ ಹಾದುಹೋಗುತ್ತಾ ನಮ್ಮ ಜಗುಲಿಗೆ ಕೇಳುವಂತೆ ಹೇಳಿದಳು: “ಕಾಸ್ ಕೊಡ್ದೋರ ಕಾಗ್ದ ಮನಗ ಬತ್ತದ. ಕೊಟ್ಟೋರ್ದು ಜೈಲ್ಗ ಓಯ್ತದ. ಬಲು ದೊಡ್ಡ ಸಂಗ ಕಣವ್ವ.”

ಅಧ್ಯಕ್ಷರು ಪೇಪರ್ ಎತ್ತಿ ಹಿಡಿದರು. ತಲೆಕೆಳಗಾಗಿತ್ತು.

ಜುಲೈ 9

ಶಾಲೆಗೆ ಹೋಗುವಾಗ ಗೇಟಿನಲ್ಲಿ ಸರೋಜಾ. ಬರುವಾಗಲೂ. ಏನೂ ಕಾಣುವುದಿಲ್ಲ ಅಕ್ಕಾ ಎಂದಳು. ನಾನೂ ಇಣುಕಿದೆ. ಕತ್ತಲು, ಹೊಸ ಬಣ್ಣದ ವಾಸನೆ. ಮನೆಯಲ್ಲಿ ಕೂತರೆ ನಿಲ್ಲಬೇಕೆನಿಸುತ್ತದೆ, ನಿಂತರೆ ಗೇಟಿಗೆ ಹೋಗಬೇಕೆನಿಸುತ್ತದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಮಣಿಕಂಠನನ್ನು ತಡೆದು ಕೇಳಿದೆ. ಸರೋಜಾಳ ಹೆಸರಿಗೆ ಏನೋ ಹಾಕಿದ ಹಾಗಿದೆಯಂತೆ, ಖಚಿತವಿಲ್ಲ. ಒಳಗೆ ಬಿದ್ದದ್ದು ಅವನ ಲೆಕ್ಕದಲ್ಲಿ ತಲುಪಿದ ಹಾಗೆಯೇ.

ಇವರಿಗೆ ಹೇಳಿದೆ. ಕೇಳಿಸಿಕೊಂಡರು. ಗೂಡಿನತ್ತ ನೋಡಿದರು.

“ಬೀಗ ತೆಗದ್ರ ಅದೇ ಉದ್ಘಾಟ್ನ ಕಣಮ್ಮಿ. ಆಷಾಡ್ದಲ್ಲಿ ಮಾಡ್ಬುಟ್ಟು ಆ ಎಣ್ಮಗಳ್ಗೇ ಏನಾರ ಕೆಟ್ಟದಾದ್ರ? ಇನ್ನ ಎರಡ್ ವಾರ ತಡಿ.”

ಸುಳ್ಳಲ್ಲ. ನಿಜವಾಗಿಯೂ ಅವಳಿಗಾಗಿಯೇ ಹೆದರುತ್ತಿದ್ದಾರೆ. ಅದೇ ಕಷ್ಟ. ಬರೀ ಜಂಬವಾಗಿದ್ದರೆ ಗೊಂಚಲು ಕದಿಯುತ್ತಿದ್ದೆ. ಸರೋಜಾಳನ್ನೂ ಕೇಳಿದೆ, ಕದ್ದು ತರಲೇ ಎಂದು. ಬೇಡ ಅಕ್ಕಾ, ಆಷಾಢದಲ್ಲಿ ಬೀಗ ತೆಗೆದು ತಂದ ಕೆಲಸ ನಿಲ್ಲುವುದಿಲ್ಲ ಎಂದಳು.

ಜುಲೈ 12

ಎರಡು ವಾರವೂ ಅಲ್ಲವಂತೆ. ಖಜಾಂಚಿ ಮಹದೇವನ ಹೆಂಡತಿ ಸತ್ಯಮಂಗಲದವಳು. ನಮ್ಮ ಆಷಾಢ ಇಪ್ಪತ್ನಾಲ್ಕಕ್ಕೆ ಮುಗಿದರೂ ತಮಿಳರ ಆಡಿ ಮಾಸ ಹದಿನೇಳಕ್ಕೆ ಹಿಡಿದು ಆಗಸ್ಟ್ ನಡುವಿನವರೆಗೆ ಇರುತ್ತದೆ, ಆಡಿಯಲ್ಲೂ ಹೊಸದು ಕೂಡದು ಎಂದಳಂತೆ. ಬಡಾವಣೆಯಲ್ಲಿ ಎರಡೂ ಜನ ಇದ್ದಾರೆ, ಯಾರಿಗೂ ನೋವಾಗಬಾರದು. ಎರಡೂ ಕೆಟ್ಟ ಕಾಲಗಳನ್ನು ಒಟ್ಟಿಗೆ ಪಾಲಿಸಲು ಸಂಘ ಸರ್ವಾನುಮತದಿಂದ ತೀರ್ಮಾನಿಸಿತು. ಗಡಿನಾಡಿನ ಸೌಹಾರ್ದ.

ಜುಲೈ 15, ಮಂಗಳವಾರ

ತಾಳವಾಡಿ ಬಸ್‌ಸ್ಟ್ಯಾಂಡಿನಲ್ಲಿ ಜೀರಹಳ್ಳಿಯ ಚೈತ್ರ ಸಿಕ್ಕಳು. ನನ್ನ ಹಳೇ ವಿದ್ಯಾರ್ಥಿನಿ. ಹೊಸ ಸೀರೆ ನಿನ್ನೆ ಉಟ್ಟೆ ಮಿಸ್ ಎಂದಳು. ಏಕೆ ಎಂದೆ.

ಅಂಗನವಾಡಿ ಇಂಟರ್‌ವ್ಯೂ. ನಿನ್ನೆ. ಕಾಗದ ವಾರದ ಹಿಂದೆಯೇ ಬಂದಿತ್ತಂತೆ.

ಬಸ್ಸಿಗೆ ಕಾಯಲಿಲ್ಲ. ಸಿಕ್ಕ ಆಟೋ ಹತ್ತಿದೆ.

ಅದೇ ದಿನ, ಸಂಜೆ 5

ಹೇಳಿದೆ. ಇವರ ಮೇಲೆ ಕೂಗಾಡಲಿಲ್ಲ. ಸರೋಜಾ ಜಗುಲಿಯ ಕಂಬ ಹಿಡಿದು ನಿಂತಿದ್ದಳು. ದೊಡ್ಡಮಾದಮ್ಮ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಚೀಲ ಬಿಚ್ಚಿದಳು, ಮತ್ತೆ ಕಟ್ಟಿದಳು. ಬಾಯಿಗೆ ಏನೂ ಹಾಕಿಕೊಳ್ಳಲಿಲ್ಲ. ಬಯ್ಯಲಿಲ್ಲ ಕೂಡ. ಅವಳು ಬಯ್ಯದಿದ್ದುದೇ ಇವರಿಗೆ ತಡೆಯಲಾಗಲಿಲ್ಲ.

ದೇವರ ಗೂಡಿನ ಮುಂದೆ ಹೋಗಿ ನಿಂತರು. ಗೊಂಚಲು ಮುಟ್ಟಲಿಲ್ಲ. ಹಿತ್ತಲಿಗೆ ನಡೆದರು. ಬಂದಾಗ ಕೈಯಲ್ಲಿ ಹಾರೆ.

“ತೆಗಿಯದು ತಾನೇ ತಪ್ಪು,” ಎಂದರು. “ಒಡಿಯಾಕ ಯಾವ ಮಾಸ ಆದ್ರೇನು?”

ಗೇಟಿಗೆ ನಾವೆಲ್ಲ ಹಿಂದೆ ಹಿಂದೆ. ನಟರಾಜ ಲುಂಗಿ ಎತ್ತಿ ಕಟ್ಟುತ್ತಾ ಓಡಿ ಬಂದ, ತಡೆಯಲು ಅಂದುಕೊಂಡೆ. ಬಂದು ಪೆಟ್ಟಿಗೆ ಸಾಲನ್ನು ತಬ್ಬಿ ಅಲುಗಾಡದಂತೆ ಹಿಡಿದ. ಮೂರನೇ ಏಟಿಗೆ ಸರೋಜಾಳ ಖಾನೆಯ ಬಾಗಿಲು ಬೀಗದ ಸಮೇತ ಕಳಚಿ ಬಿತ್ತು.

ಕಂದು ಲಕೋಟೆ. ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಹತ್ತು.

ಸರೋಜಾ ಓದಿದಳು. ಮಡಚಿದಳು. ದನ ಕಟ್ಟಬೇಕು ಎಂದು ಹೋಗಿಬಿಟ್ಟಳು.

ಜುಲೈ 16

ಇಡೀ ದಿನ ಅಂಗನವಾಡಿ ಆಫೀಸಿಗೆ ಫೋನ್. ಯಾರೂ ಎತ್ತಲಿಲ್ಲ. ಚೈತ್ರ ವಿಚಾರಿಸಿ ಹೇಳಿದಳು: ಬಾರದವರಲ್ಲಿ ಸರಿಯಾದ ಕಾರಣ ಇದ್ದವರನ್ನು ನಾಳೆ ಮಧ್ಯಾಹ್ನದವರೆಗೆ ನೋಡುತ್ತಾರಂತೆ. ಅಲ್ಲಿನ ಮೇಡಂ ಒಪ್ಪಿದರೆ ಮಾತ್ರ.

ಸರೋಜಾ ಬರಲು ಒಪ್ಪಲಿಲ್ಲ. ಅಧ್ಯಕ್ಷರು ಕೊನೇ ಮನೆಯವರೆಗೆ ನಡೆದು ಹೋದರು. ಅಷ್ಟು ದೂರ ಅವರು ಚಂದಾ ಎತ್ತಲು ಕೂಡ ಹೋದವರಲ್ಲ. ಏನು ಮಾತಾಡಿದರೋ. ಹಿಂದಿರುಗಿ, ಬೆಳಿಗ್ಗೆ ಎಂಟರ ಬಸ್ಸು ಎಂದರು.

ಜುಲೈ 17, ಗುರುವಾರ. ಆಫೀಸಿನ ಬೆಂಚು. 11.20

ಆಷಾಢ ಮುಗಿದಿಲ್ಲ. ಇವತ್ತು ಆಡಿ ಒಂದು. ಎರಡೂ ಪಂಚಾಂಗ ಬೇಡವೆಂದ ದಿನ ಹುಡುಕಿ ಬಂದ ಹಾಗಾಗಿದೆ. ಇವರಿಗೆ ನೆನಪಿಸಿಲ್ಲ. ಗೊತ್ತಿದೆ ಅನ್ನಿಸುತ್ತದೆ, ಬಸ್ಸಿನ ಕಿಟಕಿಯಲ್ಲಿ ಕ್ಯಾಲೆಂಡರ್ ಅಂಗಡಿ ಕಂಡಾಗ ಮುಖ ಆಚೆ ತಿರುಗಿಸಿದರು.

ಇವರ ಬಗಲಲ್ಲಿ ಟವೆಲ್ ಸುತ್ತಿದ ಗಂಟು. ಒಳಗೆ ಒಡೆದ ನೀಲಿ ಬಾಗಿಲು, ಬೀಗ ಹಾಗೇ. ಸಾಕ್ಷಿಯಂತೆ. ಕಂಡಕ್ಟರ್ ಮಗುವೇ ಎಂದು ಕೇಳಿದ.

11.45

ಮೇಡಂ ಗಂಟು ಬಿಚ್ಚಿಸಿ ನೋಡಿದರು. ಎರಡು ಸಲ ನೋಡಿದರು. ನಗಲಿಲ್ಲ, ಪುಣ್ಯಾತ್ಗಿತ್ತಿ. ತಡ ಮಾಡಿದವರು ಯಾರೋ ಅವರೇ ಬರೆದುಕೊಟ್ಟರೆ ಯೋಚಿಸುತ್ತೇನೆ, ತಮಿಳಲ್ಲಿ ಎಂದರು.

ಇವರಿಗೆ ತಮಿಳು ಮಾತಾಡಲು ಬರುತ್ತದೆ, ಬರೆಯಲು ಬಾರದು. ಬರೆಯುವುದು ನಾನು. ಮಣಿಕಂಠ ತಡವಾಗಿ ತಂದ ಎಂದು ಬರೆದರೆ ಸುಲಭ ಎಂದೆ, ಪರೀಕ್ಷೆಗೆ. ಟವೆಲ್ ಮಡಚುತ್ತಾ ಕೂತರು.

“ನಂದೇ ಅಂತ ಬರಿ,” ಎಂದರು. “ಅಧ್ಯಕ್ಸ ಅಂತ್ಲೂ ಬರಿ.”

ಡೈರಿಯಿಂದಲೇ ಹಾಳೆ ಹರಿದೆ. ಬರೆದೆ. ಸಹಿ ಮಾಡಿದರು, ಉದ್ದಕ್ಕೆ. ಒಳಗೆ ಹೋಯಿತು.

12.30

ಏನೂ ಇಲ್ಲ. ಸರೋಜಾ ಲಕೋಟೆಯ ಅಂಚು ಚೂರು ಚೂರೇ ಹರಿಯುತ್ತಿದ್ದಾಳೆ. ನಾನು ಎದ್ದು ಎದ್ದು ಕೂರುತ್ತಿದ್ದೇನೆ. ಇವರು ಹೊರಗೆ ಹೋಗಿ ಬಂದರು, ಮತ್ತೆ ಹೋದರು. ಒಂದು ಗಂಟೆಗೆ ಆಫೀಸಿನ ಬಾಗಿಲು ಹಾಕುತ್ತಾರಂತೆ.

12.50

ಕರೆದರು. ಸರೋಜಾಳ ಪೂರ್ತಿ ಹೆಸರು, ಇನಿಷಿಯಲ್ ಸಮೇತ. ಎದ್ದವಳು ಬಾಗಿಲವರೆಗೆ ಹೋಗಿ ವಾಪಸ್ ಬಂದಳು. ಹಾಜರಿಗೆ ಸಹಿ ಹಾಕಬೇಕಂತೆ, ಪೆನ್ನು ತಂದಿಲ್ಲ ಅಕ್ಕಾ ಎಂದು ಕೈ ಚಾಚಿ ನಿಂತಿದ್ದಾಳೆ, ಇರು ಈ ಸಾಲು ಮುಗಿ—