ಬಗ್ಗಿದ ಐಸ್ ಹಲಗೆ

ಫೆಬ್ರವರಿ 3, 2014. ರಾಯದುರ್ಗ
ಗಾರ್ಮೆಂಟ್ಸಿನಲ್ಲಿ ಮತ್ತೆ ಜೇಬು ಹೊಲಿಯುವ ಲೈನ್. ಬೆಳಗಿನಿಂದ ಜೀನ್ಸಿನ ಹಿಂದಿನ ಜೇಬು, ಅದೊಂದೇ. ಊಟದ ಬಿಡುವಿನಲ್ಲಿ ಅಮರಾಪುರಕ್ಕೆ ಫೋನ್ ಮಾಡಿದೆ. ಅತ್ತೆ ತಿಪ್ಪಕ್ಕನದು ಅದೇ ರಾಗ: "ಇನ್ನೊಂದ್ ತಿಂಗ್ಳು ಇರ್ಲಿ ಬಿಡೇ. ನೀನು ಮಿಷನ್ ತುಳೀತೀಯೋ, ಮಗೀನ ನೋಡ್ಕಂತೀಯೋ?"
ದಸರಾಕ್ಕೆ ಮಗಳು ಚಂದ್ರಿಯನ್ನು ಕರೆದೊಯ್ದಾಗ ಒಂದು ವಾರ ಅಂದಿದ್ದರು. ಆಮೇಲೆ ದೀಪಾವಳಿ. ಆಮೇಲೆ ಸಂಕ್ರಾಂತಿ. ಪ್ರತಿ ಸಲ ಹೂಂ ಅಂದವಳು ನಾನೇ. ಅವಳಿಗೆ ಈಗ ಎರಡೂವರೆ ವರ್ಷ. ಮೈ ಉರಿಯುತ್ತದೆ.

ಫೆ. 11
ಮಗುವನ್ನು ಕರೆತರೋಣ ಅಂದೆ. ಅಡ್ಜಸ್ಟ್ ಮಾಡಿಕೋ ಅಂದರು ಇವರು. ಇವರದು ಐಸ್ ಫ್ಯಾಕ್ಟರಿ ಕೆಲಸ, ತಲೆಯೂ ತಣ್ಣಗೆ. ಕೋಲ್ಡ್ ರೂಮಿನ ಶೆಲ್ಫ್ ಮುರಿದಿದೆಯಂತೆ. ಎರಡು ಕ್ರೇಟಿನ ಮೇಲೆ ಉದ್ದನೆಯ ಐಸ್ ಹಲಗೆ ಅಡ್ಡ ಇಟ್ಟು, ಮೇಲೆ ಹಾಲಿನ ಕ್ಯಾನ್ ಜೋಡಿಸಿದ್ದಾರಂತೆ. ಅದನ್ನೇ ದೊಡ್ಡದಾಗಿ ಹೇಳುತ್ತಾ ಕೂತರು. ತಟ್ಟೆ ಸರಿಸಿ ಎದ್ದೆ.

ಮಾ. 9, ಭಾನುವಾರ
ಇವರಿಗೆ ಬುತ್ತಿ ಕೊಡಲು ಐಸ್ ಫ್ಯಾಕ್ಟರಿಗೆ ಹೋಗಿದ್ದೆ. ಆ ಐಸ್ ಹಲಗೆ ನಡುವೆ ಬಗ್ಗಿದೆ! ಕರಗಿಲ್ಲ, ಬಿರುಕೂ ಇಲ್ಲ. ಕ್ಯಾನ್ ಇಳಿಸಿದರು — ನೆಟ್ಟಗಾಗಲೇ ಇಲ್ಲ. ಐಸಿನ ಒಳಗೆ ಹರಳು, ಹರಳಿನೊಳಗೆ ಪದರ, ಭಾರ ಬಿಡದೆ ಕೂತರೆ ಪದರಗಳು ನಿಧಾನಕ್ಕೆ ಜಾರುತ್ತವೆ ಅಂದರು ಮೆಕ್ಯಾನಿಕ್ ಎರ್ರಿಸ್ವಾಮಿ. ನಮ್ಮ ಕಟಿಂಗ್ ಟೇಬಲ್ಲಿನ ಮೇಲೆ ಪೇರಿಸಿದ ಬಟ್ಟೆ ಜಾರುವ ಹಾಗೆ.
"ಒಮ್ಮೆಲೇ ಹೊಡದ್ರ ಒಡೀತೈತ್ರಿ. ದಿನಾ ಹೊತ್ರ ಬಗ್ತೈತಿ."
ಇವರು ನಗುತ್ತಿದ್ದರು. ನನಗೆ ಕ್ಯಾನ್ ಎತ್ತಿ ಬಿಸಾಡುವಷ್ಟು ಸಿಟ್ಟು.

ಮಾ. 31, ಯುಗಾದಿ. ಅಮರಾಪುರ
ಚಂದ್ರಿ ಅತ್ತೆಯ ಸೆರಗಿನ ಹಿಂದೆ ನಿಂತಳು. ಅತ್ತೆಯನ್ನು ಅಮ್ಮ ಅನ್ನುತ್ತಾಳೆ. ನನ್ನನ್ನು "ರಾಯದುರ್ಗದಕ್ಕ." ಕಲಿಸಿದವರು ಯಾರು? ಅತ್ತೆ ನಕ್ಕರು. ಈ ಸಲವೂ ಹೂಂ ಅಂದು ಬರಿಗೈಯಲ್ಲಿ ಬಸ್ ಹತ್ತಿದೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಏ. 20
ಆ ಐಸ್ ಹಲಗೆ ನೆಟ್ಟಗಾಗುವುದೇ ಇಲ್ಲವೇ ಎಂದು ಎರ್ರಿಸ್ವಾಮಿಯವರನ್ನು ಕೇಳಿದೆ. "ಮಗುಚಿ ಹಾಕಿ ಭಾರ ಇಡ್ರಿ. ಆಗ್ತೈತಿ. ಕಾಯ್ಬೇಕ್ರಿ."
ಮಗುವನ್ನು ಮಿಷನ್ ಪಕ್ಕ ಮಲಗಿಸಿಕೊಳ್ಳುತ್ತೇನೆ ಅಂದಿದ್ದಕ್ಕೆ ಗಾರ್ಮೆಂಟ್ಸ್ ಓನರ್ ಕೆಲಸದಿಂದ ತೆಗೆಯುತ್ತೇನೆ ಅಂದ. ತೆಗೆಯಲಿ. ಊರ ತುಂಬಾ ಮಿಷನ್ ಇವೆ.

ಏ. 27. ಅಮರಾಪುರ ಬಸ್ ಸ್ಟ್ಯಾಂಡ್, ಮಧ್ಯಾಹ್ನ
ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಮಗುವನ್ನು ಕಿತ್ತುಕೊಂಡೇ ಬಂದೆ. ಇವರು ಚೀಲ ಹಿಡಿದು ಹಿಂದೆ ಬಂದರು. ನನ್ನ ಕೈ ಕಚ್ಚಿದಳು ಚಂದ್ರಿ. ಈಗ ಇವರ ತೊಡೆಯ ಮೇಲೆ ಕೂತು, ಅಮ್ಮ ಬೇಕು ಎಂದು ಅಳುತ್ತಿದ್ದಾಳೆ. ನನ್ನ ಎದುರಿಗೇ. ಅಳಲಿ. ಇವತ್ತು ಮೊದಲನೇ ದಿನ.
ಬಸ್ ಬಂತು. ಎತ್ತಿಕೊಳ್ಳಬೇಕು, ನಾನೇ —