ಲಿಟಲ್ ಕ್ವೇಲ್ ಹೊಳೆಯ ಆರನೆಯ ಪ್ರಶ್ನೆ

ಐಯೊವಾ
೨೨ ಏಪ್ರಿಲ್ ೧೯೭೪

ಪ್ರೀತಿಯ ಆರ್ಡಿಸ್,

ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕಾರ್ಡಿಗೆ ಏಪ್ರಿಲ್‌ನಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈದುಕೋ. ಮಂಡಿನೋವು ಎಂದು ನೆಪ ಹೇಳಬಹುದಿತ್ತು, ಆದರೆ ಪೆನ್ನು ಹಿಡಿಯಲು ಮಂಡಿ ಬೇಕಿಲ್ಲ. ನೀನೂ ಕಾರ್ಡಿನಲ್ಲಿ ಹೆಸರು ಬಿಟ್ಟು ಒಂದಕ್ಷರ ಬರೆದಿರಲಿಲ್ಲ. ನಿನ್ನ ಸೊಂಟ ಹೇಗಿದೆ?

ನನಗೀಗ ತಲೆ ಕೆಟ್ಟಿದೆ. ಓರ್ವಿಲ್ ಹೋದ ಮೇಲೆ ಬೈಯಲು ಗಂಡನೂ ಇಲ್ಲ, ಅದಕ್ಕೆ ನಿನ್ನ ಹತ್ತಿರ ಹೇಳುತ್ತಿದ್ದೇನೆ. ಮೊಮ್ಮಗಳು ಡಾರ್ಲಾಳ ಟೀಚರ್ ಮಿಸ್ ಕೆಸ್ಲರ್, ಮೂರನೇ ಕ್ಲಾಸಿನ ಮಕ್ಕಳಿಗಾಗಿ ನಮ್ಮ ಹೊಳೆಯ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಕೇಳಿದಳು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳನ್ನು ಕೇಳಿದಳಲ್ಲ ಎಂದು ಉಬ್ಬಿ ಒಪ್ಪಿಕೊಂಡೆ. ಆರು ಪ್ರಶ್ನೆ ಕೊಟ್ಟಿದ್ದಾಳೆ. ಶುಕ್ರವಾರಕ್ಕೆ ಮುಗಿಯಬೇಕು.

ಹೊಳೆ ಎಲ್ಲಿ ಹುಟ್ಟುತ್ತದೆ ಎಂಬುದಕ್ಕೆ, ಟ್ವೆಟನ್‌ರ ದನ ಕಾಲು ಹೂತುಕೊಳ್ಳುವ ಜವುಗಿನಲ್ಲಿ ಎಂದು ಬರೆದೆ. ಒಳ್ಳೆಯ ಭಾಷೆಯಲ್ಲಿ ಬರೆಯಿರಿ ಎಂದು ಕೆಂಪು ಶಾಯಿಯಲ್ಲಿ ಗೀಚಿ ಕಳಿಸಿದಳು. ಎಡದಂಡೆ ಯಾವುದು ಎಂಬುದಕ್ಕೆ ಚರ್ಚಿನ ಕಡೆಯದು ಎಂದೆ. ಅದು ಬಲದಂಡೆಯಂತೆ. ನೀರು ಹೋಗುವ ಕಡೆ ಮುಖ ಮಾಡಿ ನಿಂತು ಹೇಳಬೇಕಂತೆ. ಅರವತ್ತೆಂಟು ವರ್ಷ ನಾನು ನೀರಿಗೆ ಎದುರಾಗಿಯೇ ನಿಂತಿದ್ದೆನೇನೋ.

ಅವಳ ಭೂಪಟದಲ್ಲಿ ಜವುಗಿನಿಂದ ಸೇತುವೆಯವರೆಗೆ 'ಕಾಲುವೆ ನಂಬರ್ ಹನ್ನೆರಡು', ಸೇತುವೆ ದಾಟಿದ ಮೇಲೆ 'ಲಿಟಲ್ ಕ್ವೇಲ್ ನದಿ'. ಶಾಲೆಗೇ ಹೋಗಿ ಕೇಳಿದೆ, "ಏನಮ್ಮಾ, ಮದುವೆಯಾದ ಹುಡುಗಿ ಥರ ನೀರು ಸೇತುವೆ ಕೆಳಗೆ ಹೋಗಿ ಹೆಸರು ಬದಲಾಯಿಸ್ಕೊಂಡು ಬರುತ್ತಾ?" ಅವಳಿಗೆ ನಗು ಬರಲಿಲ್ಲ. ಮಕ್ಕಳಿಗೆ ಗೊಂದಲವಾಗುತ್ತದೆ, ಮ್ಯಾಪಿನಲ್ಲಿ ಇರುವುದನ್ನು ಬರೆದರೆ ಸಾಕು ಎಂದಳು.

ಹೊಳೆಯ ಉದ್ದ ಹತ್ತೊಂಬತ್ತು ಮೈಲಿ ಎಂದು ನಾನೂ ನೀನೂ ಬಾಯಿಪಾಠ ಮಾಡಿದ್ದೆವಲ್ಲ, ಈಗ ಹನ್ನೊಂದು. ಉಳಿದ ಎಂಟು ಮೈಲಿ ಎಲ್ಲಿ ಹೋಯಿತು ಎಂದು ಡಾರ್ಲಾ ಕೇಳಿದಳು. ಐವತ್ತೆಂಟರಲ್ಲಿ ಮೇಲಿನ ಜಮೀನಿನವರು ಸಹಿ ಹಾಕಿ, ಯಂತ್ರ ತರಿಸಿ, ಹೊಲದ ನೀರು ಬೇಗ ಇಳಿಯಲಿ ಎಂದು ತಿರುವುಗಳನ್ನೆಲ್ಲ ಕಡಿದು ಹೊಳೆಯನ್ನು ನೇರ ಮಾಡಿದ್ದನ್ನು ಹೇಳಿದೆ. ಅರ್ಥವಾಗಲಿಲ್ಲ. ಲೆಫ್ಸೆ ರೊಟ್ಟಿ ಲಟ್ಟಿಸುವ ಹಲಗೆಯನ್ನು ಓರೆ ಇಟ್ಟು, ಹಿಟ್ಟಿನ ಉಂಡೆಗಳಿಂದ ಅಂಕುಡೊಂಕು ದಾರಿ ಕಟ್ಟಿ ಒಂದು ಲೋಟ ನೀರು ಸುರಿದೆ. ಸುತ್ತಿ ಸುತ್ತಿ ಸೋಮಾರಿಯ ಹಾಗೆ ಇಳಿಯಿತು. ಉಂಡೆ ತೆಗೆದು ಇನ್ನೊಂದು ಲೋಟ ಸುರಿದೆ. ಒಂದೇ ಸಲಕ್ಕೆ ನುಗ್ಗಿ ಅವಳ ಮಡಿಲು ತೋಯಿಸಿತು. ಒದ್ದೆ ಲಂಗದಲ್ಲೇ ಕೂತು ಕೇಳಿದಳು:

"ಅಜ್ಜಿ, ಹಾಗಾದ್ರೆ ಕೆಳಗಡೆ ಮನೆಯೋರಿಗೆ ಏನಾಯ್ತು?"

ಆರನೆಯ ಪ್ರಶ್ನೆಯೂ ಅದೇ, ಆರ್ಡಿಸ್. ಸೇತುವೆಯ ಕೆಳಗೆ ನೆರೆ ಏಕೆ ಬರುತ್ತದೆ? ಮಳೆ ಹೆಚ್ಚಾಗಿ ಎಂದು ಬರೆದರೆ ಮಿಸ್ ಕೆಸ್ಲರ್‌ಗೆ ಸಂತೋಷ. ಮಳೆ ನಮ್ಮ ಅಜ್ಜಂದಿರ ಕಾಲದಲ್ಲೂ ಬರುತ್ತಿತ್ತು. ನಿನ್ನ ಅಡುಗೆಮನೆಗೆ ಸೊಂಟದೆತ್ತರ ನೀರು ನುಗ್ಗಿ, ನೀವು ಊರನ್ನೇ ಬಿಟ್ಟದ್ದು ಕಾಲುವೆ ತೋಡಿದ ಮೂರನೆಯ ವರ್ಷ. ಮಳೆ ಎಂದರೆ ಇಪ್ಪತ್ತಾರು ಮಕ್ಕಳು ಸುಳ್ಳು ಕಲಿಯುತ್ತಾರೆ. ನಿಜ ಬರೆದರೆ ಕಡಿಸಿದವರು ಯಾರು ಎಂದು ಕೇಳುತ್ತಾರೆ, ಮತ್ತೆ ಅವರಲ್ಲಿ ಅರ್ಧ ಜನ ಕಡಿಸಿದವರ ಮೊಮ್ಮಕ್ಕಳೇ. ಐದು ಉತ್ತರ ಬರೆದು, ಆರನೆಯದಕ್ಕೆ ಜಾಗ ಬಿಟ್ಟು, ನನ್ನ ಮೇಲೆ ನನಗೇ ಸಿಟ್ಟು ಬಂದು ಕೂತಿದ್ದೇನೆ.

ಸೊಂಟಕ್ಕೆ ಬಿಸಿ ಶಾಖ ಕೊಟ್ಟುಕೋ. ದೇವರು ನಿನ್ನನ್ನೂ ಮಕ್ಕಳನ್ನೂ ಚೆನ್ನಾಗಿ ಇಟ್ಟಿರಲಿ.

ನಿನ್ನ ಹಳೆಯ ನೆರೆಯವಳು,
ಹುಲ್ಡಾ

ತಾ.ಕ.: ಕಾಗದ ಮಡಚಿ ಮತ್ತೆ ಬಿಚ್ಚಿದೆ. ನಮ್ಮ ಮನೆಯಿಂದ ಕಾಲುವೆಗೆ ಸಹಿ ಹಾಕಿದವನು ಓರ್ವಿಲ್ ಎಂದು ಹದಿನಾರು ವರ್ಷದಿಂದ ನಂಬಿದ್ದೀಯೆ. ಅವನ ಮಣ್ಣಿಗೂ ಬರಲಿಲ್ಲ. ಅದಕ್ಕೆ ನಾನು ಚರ್ಚಿನ ಹೆಂಗಸರ ಮುಂದೆ ನಿನ್ನನ್ನು ಆಡಿಕೊಂಡೆ. ದೊಡ್ಡ ತಿರುವಿನ ಜಮೀನು ಅಪ್ಪ ನನ್ನ ಹೆಸರಿಗೆ ಬರೆದದ್ದು. ಅಲ್ಲಿ ಓರ್ವಿಲ್‌ನ ಸಹಿ ನಡೆಯುತ್ತಿರಲಿಲ್ಲ. "ಕೆಳಗೆ ಆರ್ಡಿಸ್ ಮನೆ ಇದೆ ಕಣೇ, ಬೇಡ" ಎಂದ. ಹತ್ತು ಎಕರೆ ಒಣನೆಲದ ಆಸೆಗೆ ಅವನ ಎದುರೇ ಸಹಿ ಹಾಕಿದೆ. ನೀನು ಬಾಗಿಲಲ್ಲಿ ನಿಂತು ಅವನನ್ನು ಬೈದ ದಿನ ಅವನು ತಲೆ ತಗ್ಗಿಸಿ ಬೈಸಿಕೊಂಡ, ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ. ಈಗ ಆರನೆಯ ಉತ್ತರದಲ್ಲಿ ನನ್ನ ಹೆಸರು ಬರೆದಿದ್ದೇನೆ. ಶುಕ್ರವಾರ ಮಕ್ಕಳು ಓದುತ್ತಾರೆ. ಅವರಿಗಿಂತ ಮೊದಲು ನೀನು ಓದಬೇಕು.